ಸ್ಟಾರ್ ಎಣಿಸಿ ಮೇಷ್ಟ್ರನ್ನು ಆರಿಸುವ ಮುನ್ನ

ಮಾನ್ಯ ಸಂಪಾದಕರೇ,

ಒಂದೇ ವಿಷಯಕ್ಕೆ ಎರಡೋ ಮೂರೋ ಸೆಕ್ಷನ್ ಇದ್ದು, ಯಾರ ಕ್ಲಾಸು ಹಿಡಿಯಬೇಕೆಂಬ ಆಯ್ಕೆ ಕೈಯಲ್ಲಿದ್ದಾಗ ವಿದ್ಯಾರ್ಥಿಗಳು ಮೊದಲು ತೆರೆದು ನೋಡುವುದು ಪ್ರಾಧ್ಯಾಪಕರ ಕುರಿತ ಆನ್‌ಲೈನ್ ರಿವ್ಯೂಗಳನ್ನು. ಅದೆಲ್ಲ ಮಾರ್ಕ್ಸ್ ಬಾರದವರ ಗೋಳು ಎಂದು ತಳ್ಳಿಹಾಕುವ ಅಧ್ಯಾಪಕರಿದ್ದಾರೆ. 4.6 ಕಂಡರೆ ಸಾಕು, ಕಣ್ಣುಮುಚ್ಚಿ ಸೇರುವ ವಿದ್ಯಾರ್ಥಿಗಳೂ ಇದ್ದಾರೆ. ಎರಡೂ ಅತಿಯೇ. ಆ ಪುಟದಲ್ಲಿ ಕೆಲಸಕ್ಕೆ ಬರುವ ಮಾಹಿತಿ ಖಂಡಿತ ಇರುತ್ತದೆ. ಮೇಲೆ ದಪ್ಪಗೆ ಅಚ್ಚಾದ ಅಂಕಿಯನ್ನು ಬಿಟ್ಟು ಕೆಳಗಿನ ಸಾಲುಗಳಲ್ಲಿ ಅದನ್ನು ಹುಡುಕಬೇಕು.

ಮೊದಲು ಆ ಅಂಕಿಯ ವಿಚಾರ ಮುಗಿಸೋಣ. ಒಬ್ಬ ಅಧ್ಯಾಪಕರಿಗೆ ಐದು ರಿವ್ಯೂ ಇವೆ, ಐದಕ್ಕೂ 5 ಸ್ಟಾರ್ ಎಂದುಕೊಳ್ಳಿ. ಸಿಟ್ಟಿಗೆದ್ದ ಒಬ್ಬ ಬಂದು 1 ಕೊಟ್ಟರೆ ಸರಾಸರಿ 4.33ಕ್ಕೆ ಇಳಿಯುತ್ತದೆ. ಐವತ್ತು ರಿವ್ಯೂ ಇದ್ದವರಿಗೆ ಅದೇ ಒಂದು ಸ್ಟಾರ್ ಬಿದ್ದರೆ 4.92 ಉಳಿಯುತ್ತದೆ. ಸಿಟ್ಟು ಒಂದೇ, ಪೆಟ್ಟು ಬೇರೆ. ಆದ್ದರಿಂದ ಹತ್ತಕ್ಕಿಂತ ಕಡಿಮೆ ರಿವ್ಯೂ ಇದ್ದಲ್ಲಿ ಸರಾಸರಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು. ಹೆಚ್ಚು ಇದ್ದರೂ ಅಂಕಗಳು ಹೇಗೆ ಹರಡಿವೆ ನೋಡಬೇಕು. ಹತ್ತು ಮಂದಿ ತಲಾ 3 ಕೊಟ್ಟರೂ ಸರಾಸರಿ 3, ಐವರು 5 ಮತ್ತು ಐವರು 1 ಕೊಟ್ಟರೂ ಅದೇ 3. ಮೊದಲನೆಯದು ಸಾಧಾರಣ ಕ್ಲಾಸು. ಎರಡನೆಯದರಲ್ಲಿ ಕೆಲವರಿಗೆ ಹೊಂದುವ, ಕೆಲವರಿಗೆ ಒಗ್ಗದ ಏನೋ ಒಂದು ಇದೆ. ಅದು ಏನೆಂದು ಪತ್ತೆ ಮಾಡಿದರೆ ಅರ್ಧ ತೀರ್ಮಾನ ಆದಂತೆಯೇ.

ಬರೆದವರು ಯಾರು ಎಂಬುದನ್ನೂ ಕೇಳಿಕೊಳ್ಳಬೇಕು. ಮೂರು ವರ್ಷದಲ್ಲಿ 240 ಮಂದಿಗೆ ಪಾಠ ಮಾಡಿದವರ ಹೆಸರಿನಲ್ಲಿ 12 ರಿವ್ಯೂ ಇದ್ದರೆ ಮಾತಾಡಿದ್ದು ಶೇ 5ರಷ್ಟು ಜನ. ಆ ಐದು ಶೇಕಡ ಹೆಚ್ಚಾಗಿ ತುಂಬ ಖುಷಿಯಾದವರು ಅಥವಾ ತುಂಬ ನೊಂದವರು. ‘ಪರವಾಗಿಲ್ಲ’ ಅನಿಸಿದವರು ಬರೆಯುವ ಗೋಜಿಗೇ ಹೋಗುವುದಿಲ್ಲ. ಇಂಥ ಎಷ್ಟೋ ತಾಣಗಳಲ್ಲಿ ಬರೆದವರು ನಿಜಕ್ಕೂ ಆ ಕ್ಲಾಸಿನಲ್ಲಿ ಕೂತಿದ್ದರೇ ಎಂಬ ಪರಿಶೀಲನೆಯೂ ಇಲ್ಲ. ದಿನಾಂಕಗಳ ಮೇಲೆ ಒಮ್ಮೆ ಕಣ್ಣಾಡಿಸಿ: ನಾಲ್ಕು ಕೆಟ್ಟ ರಿವ್ಯೂಗಳೂ ಒಂದೇ ವಾರದಲ್ಲಿ ಬಿದ್ದಿದ್ದರೆ ಅದು ಒಂದು ಇಂಟರ್ನಲ್ ಪರೀಕ್ಷೆಯ ಮಾರ್ಕ್ಸ್ ಬಂದ ವಾರವೋ, ಒಂದೇ ಗೆಳೆಯರ ಗುಂಪಿನ ಕೆಲಸವೋ ಇರಬಹುದು.

ರೇಟಿಂಗ್ ಅಳೆಯುವುದಾದರೂ ಏನನ್ನು? ಅಮೆರಿಕದ ವಾಯುಪಡೆ ಅಕಾಡೆಮಿಯಲ್ಲಿ ಕಡ್ಡಾಯ ವಿಷಯಗಳಿಗೆ ವಿದ್ಯಾರ್ಥಿಗಳು ಮೇಷ್ಟ್ರನ್ನು ಆರಿಸಿಕೊಳ್ಳುವಂತಿಲ್ಲ. ಸೆಕ್ಷನ್ ಹಂಚಿಕೆ ಯಾದೃಚ್ಛಿಕ. ಎಲ್ಲ ಸೆಕ್ಷನ್‌ಗೂ ಒಂದೇ ಸಿಲಬಸ್, ಒಂದೇ ಪರೀಕ್ಷೆ. ಮೇಷ್ಟ್ರ ಪ್ರಭಾವವನ್ನಷ್ಟೇ ಬೇರ್ಪಡಿಸಿ ಅಳೆಯುವುದಕ್ಕೆ ಹೇಳಿ ಮಾಡಿಸಿದ ಜಾಗ. ಅಲ್ಲಿನ ಹತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ದಾಖಲೆ ಹಿಡಿದು ಸ್ಕಾಟ್ ಕ್ಯಾರೆಲ್ ಮತ್ತು ಜೇಮ್ಸ್ ವೆಸ್ಟ್ ಎಂಬ ಅರ್ಥಶಾಸ್ತ್ರಜ್ಞರು 2010ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಆ ಕೋರ್ಸಿನಲ್ಲಿ ಹೆಚ್ಚು ಅಂಕ ಬರುವಂತೆ ಮಾಡಿದ ಅಧ್ಯಾಪಕರಿಗೆ ವಿದ್ಯಾರ್ಥಿಗಳ ಮೆಚ್ಚುಗೆಯೂ ಹೆಚ್ಚು ಸಿಕ್ಕಿತ್ತು. ಆದರೆ ಅವರ ವಿದ್ಯಾರ್ಥಿಗಳು ಅದೇ ವಿಷಯದ ಮುಂದಿನ ಕೋರ್ಸಿನಲ್ಲಿ ಹಿಂದೆ ಬಿದ್ದರು. ಹೆಚ್ಚು ಅನುಭವವಿದ್ದ ಅಧ್ಯಾಪಕರ ಸೆಕ್ಷನ್‌ನಲ್ಲಿ ಆಗ ಅಂಕ ಕಡಿಮೆ ಬಂದರೂ ಮುಂದೆ ಫಲ ಚೆನ್ನಾಗಿತ್ತು. ಪರೀಕ್ಷೆಗೆ ಬರುವಷ್ಟನ್ನೇ ತಿದ್ದಿ ತೀಡಿದರೆ ಈ ಸೆಮಿಸ್ಟರ್ ದಾಟುತ್ತದೆ, ಬುನಾದಿ ಮಾತ್ರ ಗಟ್ಟಿಯಾಗುವುದಿಲ್ಲ. ರಿವ್ಯೂ ಬರೆಯುವ ಹೊತ್ತಿಗೆ ಮುಂದಿನ ಕೋರ್ಸು ಇನ್ನೂ ಶುರುವಾಗಿರುವುದಿಲ್ಲವಲ್ಲ.

ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದೇ ದಿಕ್ಕಿನದು. ಪಾಠ ಒಂದೇ. ಒಂದು ಗುಂಪು ನಿರರ್ಗಳ ಉಪನ್ಯಾಸ ಕೇಳಿತು, ಇನ್ನೊಂದು ಗುಂಪು ಲೆಕ್ಕಗಳ ಜೊತೆ ತಾನೇ ಗುದ್ದಾಡಿತು. ಟೆಸ್ಟಿನಲ್ಲಿ ಗುದ್ದಾಡಿದವರೇ ಮುಂದು. ‘ಹೆಚ್ಚು ಕಲಿತೆವು’ ಎಂದವರು ಮಾತ್ರ ಉಪನ್ಯಾಸ ಕೇಳಿದವರು. ಚೆಂದದ ವಿವರಣೆ ಕೇಳುವಾಗ ಎಲ್ಲವೂ ಅರ್ಥವಾದಂತೆ ಅನಿಸುತ್ತದೆ, ತಾನೇ ಬಿಡಿಸುವಾಗ ಎಡವಿದ್ದೇ ನೆನಪಿನಲ್ಲಿ ಉಳಿಯುತ್ತದೆ. ‘ಏನೂ ಹೇಳಿಕೊಡಲ್ಲ, ಎಲ್ಲಾ ನಾವೇ ಮಾಡಬೇಕು’ ಎಂಬ ರಿವ್ಯೂ ಕಂಡಾಗ ಇದು ಗಮನದಲ್ಲಿರಲಿ.

ಇನ್ನು ಪೂರ್ವಗ್ರಹ. 2015ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ ಆನ್‌ಲೈನ್ ಕೋರ್ಸಿನ ಬೋಧಕರು ಕೆಲವು ಗುಂಪುಗಳಿಗೆ ಗಂಡು ಹೆಸರಿನಲ್ಲಿ, ಕೆಲವಕ್ಕೆ ಹೆಣ್ಣು ಹೆಸರಿನಲ್ಲಿ ಪಾಠ ಮಾಡಿದರು. ನಿಜದಲ್ಲಿ ಯಾರೇ ಇರಲಿ, ಗಂಡು ಹೆಸರಿಗೆ ಹೆಚ್ಚು ಅಂಕ ಬಿತ್ತು. ಅಮೆರಿಕದ ‘ರೇಟ್ ಮೈ ಪ್ರೊಫೆಸರ್ಸ್’ ತಾಣವಂತೂ ಅಧ್ಯಾಪಕರು ನೋಡಲು ಚೆಂದವಿದ್ದಾರೆಯೇ ಎಂದು ಗುರುತಿಸಲು ಮೆಣಸಿನಕಾಯಿ ಚಿಹ್ನೆಯನ್ನೇ ಇಟ್ಟುಕೊಂಡಿತ್ತು. ಅದನ್ನು ಕಿತ್ತುಹಾಕಿದ್ದು 2018ರಲ್ಲಿ. ‘ಮಾತಾಡೋ ರೀತಿನೇ ಸರಿ ಇಲ್ಲ’, ‘ಮೇಡಂಗೆ ಯಾವಾಗಲೂ ಸಿಡುಕು’ ಎಂಬಂಥ ಸಾಲುಗಳನ್ನು ಓದುವಾಗ ಸ್ವಲ್ಪ ಉಪ್ಪು ಖಾರ ಕಳೆದೇ ಓದಬೇಕು.

ಹಾಗಾದರೆ ನಂಬುವುದು ಯಾವುದನ್ನು? ತೀರ್ಪು ಕೊಡುವ ಸಾಲನ್ನು ಬಿಡಿ, ನಡೆದದ್ದನ್ನು ಹೇಳುವ ಸಾಲನ್ನು ಹಿಡಿಯಿರಿ. ಒಂದು ಮಾದರಿ ನೋಡೋಣ. 1 ಸ್ಟಾರ್ ಕೊಟ್ಟು ಒಬ್ಬರು ಹೀಗೆ ಬರೆದಿದ್ದಾರೆ ಎಂದುಕೊಳ್ಳಿ: ‘ಭಯಂಕರ ಸ್ಟ್ರಿಕ್ಟ್. ಹತ್ತು ನಿಮಿಷ ಲೇಟಾದ್ರೆ ಅಟೆಂಡೆನ್ಸ್ ಇಲ್ಲ. ಪ್ರತಿ ವಾರ ಕ್ವಿಜ್. ಸ್ಲೈಡ್ ಓದಿದ್ರೆ ಸಾಲಲ್ಲ, ಪುಸ್ತಕದಿಂದ ಪ್ರಶ್ನೆ ಬರತ್ತೆ. ಯಾರೂ ತಗೋಬೇಡಿ.’ ಮೊದಲ ಮತ್ತು ಕೊನೆಯ ವಾಕ್ಯ ಅಳಿಸಿ. ಉಳಿಯುವುದು ಮೂರು ಸಂಗತಿ, ಮೂರೂ ಬೇರೆಯವರನ್ನು ಕೇಳಿ ಖಚಿತಪಡಿಸಿಕೊಳ್ಳಬಹುದಾದವು. ಪರೀಕ್ಷೆಯ ಹಿಂದಿನ ರಾತ್ರಿಯವರೆಗೂ ಪುಸ್ತಕ ಮುಟ್ಟದವರಿಗೆ ವಾರದ ಕ್ವಿಜ್ ವರವೇ ಸರಿ. ಕೆಲಸ ಮಾಡುತ್ತ ಓದುವವರಿಗೆ, ದೂರದಿಂದ ಓಡಾಡುವವರಿಗೆ ಹತ್ತು ನಿಮಿಷದ ನಿಯಮ ನಿಜವಾದ ತೊಂದರೆ. ಬರೆದವರು ಹೇಳಿದ ತೀರ್ಮಾನ ಒಂದು, ಓದಿದ ಇಬ್ಬರ ತೀರ್ಮಾನ ಎರಡು ಆಗಬಹುದು.

5 ಸ್ಟಾರಿನದನ್ನೂ ಹೀಗೇ ಬಿಡಿಸಬೇಕು. ‘ತುಂಬಾ ಒಳ್ಳೆ ಸರ್. ಕ್ಲಾಸಿಗೆ ಹೋಗದಿದ್ರೂ ನಡೆಯತ್ತೆ. ಕೊಟ್ಟ ಇಪ್ಪತ್ತು ಪ್ರಶ್ನೆಯಲ್ಲೇ ಪೇಪರ್.’ ಮುಂದೆ ಎಲ್ಲೂ ಬೇಕಾಗದ ಐಚ್ಛಿಕ ವಿಷಯವಾದರೆ, ಬೇರೆ ಭಾರದ ಕೋರ್ಸುಗಳ ನಡುವೆ ಇಂಥದ್ದೊಂದು ಇಟ್ಟುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಅದೇ ಮಾತು ಕ್ಯಾಲ್ಕುಲಸ್ ಒಂದನೇ ಭಾಗದ ಬಗ್ಗೆ ಇದ್ದರೆ, ಎರಡನೇ ಭಾಗ ಕಾದಿದೆ ಎಂಬುದನ್ನು ಮರೆಯಬಾರದು.

ಒಂದೇ ಸಂಗತಿಯನ್ನು ಮೂರು ಬೇರೆ ಬೇರೆ ಸೆಮಿಸ್ಟರಿನ ಮೂವರು ಹೇಳಿದ್ದರೆ ನಂಬಲಡ್ಡಿಯಿಲ್ಲ. ಅದರಲ್ಲೂ ಉತ್ತರಪತ್ರಿಕೆ ಮುಂದಿನ ಪರೀಕ್ಷೆಯ ಹೊತ್ತಿಗೂ ವಾಪಸ್ ಬರುವುದಿಲ್ಲ, ಅಂಕ ಹಂಚಿಕೆಯನ್ನು ನಡುವೆ ಬದಲಿಸುತ್ತಾರೆ, ಪ್ರಶ್ನೆ ಕೇಳಿದವರನ್ನು ಎಲ್ಲರೆದುರು ಹೀಯಾಳಿಸುತ್ತಾರೆ ಎಂಬ ದೂರು ಮರುಕಳಿಸಿದರೆ ಸರಾಸರಿ ಎಷ್ಟೇ ಇರಲಿ, ಬೇರೆ ಸೆಕ್ಷನ್ ನೋಡುವುದು ಕ್ಷೇಮ. ಕಷ್ಟದ ಅಂಕ ಮತ್ತು ಗುಣಮಟ್ಟದ ಅಂಕ ಬೇರೆ ಬೇರೆ ತೋರಿಸುವ ತಾಣಗಳಲ್ಲಿ ಎರಡನ್ನೂ ಜೋಡಿಸಿ ಓದಿ. ಸಾಮಾನ್ಯವಾಗಿ ಸುಲಭದ ಕೋರ್ಸಿಗೆ ಒಳ್ಳೆಯ ಅಂಕ ತಾನಾಗೇ ಬೀಳುತ್ತದೆ. ಕಷ್ಟ ಎಂದು ಹೇಳಿಯೂ ಮೇಲಿನ ಅಂಕ ಕೊಟ್ಟಿದ್ದರೆ ಅದಕ್ಕೆ ತೂಕ ಜಾಸ್ತಿ.

ಕೋರ್ಸ್ ಕೋಡ್ ನೋಡದೆ ಓದುವುದು ಎಲ್ಲರೂ ಮಾಡುವ ತಪ್ಪು. ನೂರೈವತ್ತು ಜನರ ಮೊದಲ ವರ್ಷದ ಕ್ಲಾಸಿನಲ್ಲಿ ಮಂಕಾಗಿ ಕಾಣುವ ಅಧ್ಯಾಪಕರೇ ಹದಿನೈದು ಮಂದಿಯ ಐಚ್ಛಿಕ ಪತ್ರಿಕೆಯಲ್ಲಿ ಬೇರೆಯೇ ಆಗಿರುತ್ತಾರೆ. ಮೂರು ವರ್ಷಕ್ಕಿಂತ ಹಳೆಯ ಮಾತಿಗೆ ಬೆಲೆ ಕಡಿಮೆ ಕೊಡಿ. ಅಷ್ಟರಲ್ಲಿ ಸಿಲಬಸ್ಸೂ ಬದಲಾಗಿರುತ್ತದೆ, ಹೊಸಬರಾಗಿದ್ದವರು ಪಳಗಿರುತ್ತಾರೆ. ಕೋವಿಡ್ ಕಾಲದ, ಅಂದರೆ 2020–21ರ ಆನ್‌ಲೈನ್ ತರಗತಿಗಳ ರಿವ್ಯೂಗಳನ್ನು ಪೂರ್ತಿ ಬದಿಗಿಡಬಹುದು.

ರಿವ್ಯೂ ಓದಲು ಅರ್ಧ ಗಂಟೆ ಸಾಕು. ಉಳಿದ ಸಮಯ ಕೋರ್ಸ್ ಪ್ಲಾನ್‌ಗೆ ಕೊಡಿ. ಕೊನೆಯ ಪರೀಕ್ಷೆಗೇ ಶೇ 70 ಇದೆಯೋ, ಅಸೈನ್‌ಮೆಂಟು, ಪ್ರಾಜೆಕ್ಟು ಎಂದು ಹಂಚಿದೆಯೋ, ತಪ್ಪಿದ ಟೆಸ್ಟಿಗೆ ಮತ್ತೊಂದು ಅವಕಾಶ ಇದೆಯೋ ಅಲ್ಲೇ ತಿಳಿಯುತ್ತದೆ. ಹಳೆಯ ಪ್ರಶ್ನೆಪತ್ರಿಕೆ ಎರಡು ಸಿಕ್ಕರೆ, ಕಂಠಪಾಠ ಬೇಕೋ ಯೋಚನೆ ಬೇಕೋ ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಸೀನಿಯರ್‌ಗಳನ್ನು ‘ಹೇಗಿದ್ದಾರೆ?’ ಎಂದು ಕೇಳಬೇಡಿ, ‘ಚೆನ್ನಾಗಿದ್ದಾರೆ’ ಎಂಬ ಉತ್ತರವೇ ಬರುತ್ತದೆ. ಉತ್ತರಪತ್ರಿಕೆ ಎಷ್ಟು ದಿನಕ್ಕೆ ಕೊಟ್ಟರು, ಅದರಲ್ಲಿ ತಪ್ಪು ಗುರುತಿಸಿದ್ದರೋ ಬರೀ ಅಂಕ ಹಾಕಿದ್ದರೋ, ವಾರಕ್ಕೆ ಎಷ್ಟು ಗಂಟೆ ಓದಬೇಕಾಯಿತು ಎಂದು ಕೇಳಿ. ಕೇಳುವುದಾದರೆ ಆ ಕೋರ್ಸು ಮುಗಿಸಿ ಈಗ ಅದರ ಮುಂದಿನ ಕೋರ್ಸಿನಲ್ಲಿ ಕೂತಿರುವವರನ್ನೇ ಹುಡುಕಿ. ರಿವ್ಯೂ ಪುಟದಲ್ಲಿ ಸಿಗದ ಉತ್ತರ ಅವರ ಬಳಿ ಇರುತ್ತದೆ.

ಸೆಕ್ಷನ್ ಬದಲಿಸಲು ಅವಕಾಶವಿದ್ದಲ್ಲಿ ಮೊದಲ ವಾರ ಎರಡೂ ಕ್ಲಾಸಿಗೆ ಹೋಗಿ ಕೂರಿ. ಅಂಕಪಟ್ಟಿಯಲ್ಲಿ ಗುರುತು ಉಳಿಯದಂತೆ ಕೋರ್ಸ್ ಬಿಡಲು ಒಂದು ಕೊನೆಯ ದಿನ, ಗುರುತು ಬಿದ್ದರೂ ಸರಿ ಎಂದು ಹೊರಬರಲು ಇನ್ನೊಂದು ಕೊನೆಯ ದಿನ, ಹೀಗೆ ಎರಡು ದಿನಾಂಕ ಇರುವುದುಂಟು. ಎರಡನ್ನೂ ಗೊಂದಲ ಮಾಡಿಕೊಂಡು ಸಿಕ್ಕಿಬೀಳುವವರು ಪ್ರತಿ ಬಾರಿ ಇರುತ್ತಾರೆ. ವೇಳಾಪಟ್ಟಿ ಹೊಂದದಿದ್ದರೆ ಎಂಥ ಮೇಷ್ಟ್ರಿದ್ದೂ ಪ್ರಯೋಜನವಿಲ್ಲ ಎಂಬುದು ಬೇರೆ ಮಾತು.

ಇಷ್ಟೆಲ್ಲ ಪತ್ತೇದಾರಿಕೆ ವಿದ್ಯಾರ್ಥಿಗಳ ತಲೆಗೆ ಬೀಳುವುದಕ್ಕೆ ಕಾಲೇಜುಗಳೇ ಕಾರಣ. ಸೆಮಿಸ್ಟರ್ ಕೊನೆಯಲ್ಲಿ ಫೀಡ್‌ಬ್ಯಾಕ್ ಫಾರಂ ತುಂಬಿಸಿಕೊಳ್ಳುತ್ತಾರೆ, ಎಷ್ಟೋ ಕಡೆ ಅದು ಕಡತ ಸೇರಿದರೆ ಮುಗಿಯಿತು, ತುಂಬಿದವರ ಕಣ್ಣಿಗೆ ಮತ್ತೆ ಬೀಳುವುದಿಲ್ಲ. ಪ್ರತಿ ಸೆಕ್ಷನ್‌ನ ಕೋರ್ಸ್ ಪ್ಲಾನ್, ಹಿಂದಿನ ಎರಡು ಪ್ರಶ್ನೆಪತ್ರಿಕೆ, ಗ್ರೇಡ್‌ಗಳು ಹೇಗೆ ಹಂಚಿಹೋಗಿವೆ ಎಂಬ ಪಟ್ಟಿ ಇವಿಷ್ಟನ್ನು ನೋಂದಣಿಗೆ ಎರಡು ವಾರ ಮೊದಲೇ ಪ್ರಕಟಿಸಲು ಹೆಚ್ಚಿನ ಖರ್ಚೇನೂ ಇಲ್ಲ. ಅಲ್ಲಿಯವರೆಗೆ ರಿವ್ಯೂ ಬರೆಯುವ ವಿದ್ಯಾರ್ಥಿಗಳಾದರೂ ಸ್ಟಾರ್ ಒತ್ತಿ ಸುಮ್ಮನಾಗದೆ ಕೋರ್ಸ್ ಕೋಡ್, ಸೆಮಿಸ್ಟರ್, ಪರೀಕ್ಷೆಯ ಸ್ವರೂಪ, ವಾರಕ್ಕೆ ಬೇಕಾದ ಗಂಟೆಗಳು ಇಷ್ಟನ್ನು ಬರೆಯಲಿ. ಸಾಧ್ಯವಾದರೆ ಮುಂದಿನ ಕೋರ್ಸು ಒಂದು ತಿಂಗಳು ನಡೆದ ಮೇಲೆ ಬರೆಯಲಿ.

– ಕೋರ್ಸ್ ಆಯ್ಕೆಯಲ್ಲಿ ವಿದ್ಯಾರ್ಥಿಗಳಿಗೆ ಸಲಹೆ ನೀಡುವ ಅಧ್ಯಾಪಕರು