ಗ್ರೈಂಡರ್ ಟೇಬಲ್ ಜರ್ಕ್ ಹೊಡೆದರೆ ವಾಲ್ವ್ ಬಿಚ್ಚಬೇಡಿ

ಎಲ್ಲರ ಗಮನಕ್ಕೆ. ಎಣ್ಣೆಯ ಒತ್ತಡದಿಂದ (ಹೈಡ್ರಾಲಿಕ್) ಓಡುವ ಹಳೇ ಸರ್ಫೇಸ್ ಗ್ರೈಂಡರಿನ (ಲೋಹದ ಮೇಲ್ಮೈ ಉಜ್ಜಿ ಸಮ ಮಾಡುವ ಯಂತ್ರ) ಟೇಬಲ್ ತಡೆದು ತಡೆದು ಓಡಿದರೆ ಕೆಲವರು ನೇರ ಎಣ್ಣೆಯ ಹರಿವು ನಿಯಂತ್ರಿಸುವ ಕಂಟ್ರೋಲ್ ವಾಲ್ವಿಗೇ ಕೈ ಹಾಕುತ್ತಾರೆ. ಅದು ಕೊನೆಯ ಕೆಲಸ.

ವೀಲ್ ಮೇಲೆತ್ತಿ, ಚಕ್ (ಜಾಬ್ ಹಿಡಿಯುವ ಭಾಗ) ಖಾಲಿ ಮಾಡಿ, ಹೈಡ್ರಾಲಿಕ್ ಎಣ್ಣೆಯ ಟ್ಯಾಂಕ್ ನೋಡಿ. ಎಣ್ಣೆ ಹಾಲಿನಂತಾಗಿದ್ದರೆ ಕೂಲಂಟ್ (ತಂಪು ಮಾಡುವ ನೀರಿನ ಮಿಶ್ರಣ) ಸೇರಿದೆ, ಪೂರ್ತಿ ಬದಲಿಸಿ. ನೊರೆ ಇದ್ದರೆ ಗಾಳಿ. ಅದು ನುಗ್ಗುವುದು ಹೆಚ್ಚಾಗಿ ಪಂಪಿನ ಸಕ್ಷನ್ (ಎಣ್ಣೆ ಎಳೆಯುವ) ಕಡೆಯಿಂದ. ಅಲ್ಲಿ ಎಣ್ಣೆ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ಲೀಕ್ ಕಣ್ಣಿಗೆ ಬೀಳುವುದಿಲ್ಲ. ಪಂಪ್ ಓಡುವಾಗ ಒಂದೊಂದೇ ಜಾಯಿಂಟಿಗೆ ಎಣ್ಣೆ ಸವರಿ. ಪಂಪಿನ ಗೊರಗೊರ ಸದ್ದು ಇಳಿದ ಕಡೆಯೇ ಲೀಕ್. ಸ್ಟ್ರೈನರ್ (ಎಣ್ಣೆಯ ಜಾಲರಿ) ಕಟ್ಟಿದ್ದರೂ ಪಂಪ್ ಹೀಗೇ ಗೊರಗುಟ್ಟುತ್ತದೆ.

ಗಾಳಿ ತೆಗೆಯಲು ಟ್ರಿಪ್ ಡಾಗ್‌ಗಳನ್ನು (ಟೇಬಲ್ ದಿಕ್ಕು ತಿರುಗಿಸುವ ತಡೆಗಳು) ಯಂತ್ರದ ಗರಿಷ್ಠ ಸ್ಟ್ರೋಕಿನಷ್ಟು ದೂರ ಸರಿಸಿ, ನಿಧಾನವಾಗಿ ಓಡಿಸಿ, ಸಿಲಿಂಡರಿನ ಬ್ಲೀಡ್ ಸ್ಕ್ರೂ (ಗಾಳಿ ಬಿಡುವ ಸ್ಕ್ರೂ) ಸ್ವಲ್ಪವೇ ಸಡಿಲಿಸಿ. ಗುಳ್ಳೆ ನಿಂತಮೇಲೆ ಬಿಗಿಮಾಡಿ. ಚಿಕ್ಕ ಸ್ಟ್ರೋಕಿನಲ್ಲಿ ತುದಿಯ ಗಾಳಿ ಅಲ್ಲೇ ಉಳಿಯುತ್ತದೆ.

ನಿಧಾನ ವೇಗದಲ್ಲಿ ಮಾತ್ರ ಜರ್ಕ್ ಇದ್ದರೆ ಟೇಬಲ್ ಜಾರುವ ಸ್ಲೈಡಿಗೆ ಎಣ್ಣೆ ಬರುತ್ತಿಲ್ಲ, ಇಲ್ಲವೇ ಗ್ಲ್ಯಾಂಡ್ ನಟ್ (ಸಿಲಿಂಡರ್ ರಾಡಿನ ಸೀಲ್ ಒತ್ತಿಹಿಡಿಯುವ ನಟ್) ಅತಿಯಾಗಿ ಬಿಗಿಯಾಗಿದೆ. ಸ್ಲೈಡಿಗೆ 68 ಗ್ರೇಡಿನ (ಅಂಕಿ ಹೆಚ್ಚಾದಷ್ಟೂ ಎಣ್ಣೆ ದಪ್ಪ) ಸ್ಲೈಡ್‌ವೇ ಆಯಿಲ್ ಸಾಮಾನ್ಯ. ಟ್ಯಾಂಕಿಗೆ ಯಂತ್ರದ ಪ್ಲೇಟಿನಲ್ಲಿ ಬರೆದಿದ್ದೇ ಹಾಕಿ.

ನಮ್ಮ ದಾವಣಗೆರೆ ಬಿಸಿಲಿಗೆ ಬೆಳಿಗ್ಗೆ ಚೆನ್ನಾಗಿದ್ದ ಟೇಬಲ್ ಮಧ್ಯಾಹ್ನ ಸೋತರೆ ಎಣ್ಣೆ ತೆಳುವಾಗಿದೆ, ಸವೆದ ಪಂಪ್ ಒಳಗೇ ಸೋರುತ್ತಿದೆ. ಟ್ಯಾಂಕಿಗೆ 32 ಗ್ರೇಡ್ ಬಿಟ್ಟು ದಪ್ಪನೆಯ 46 ಹಾಕಿದರೆ ಒಂದಷ್ಟು ದಿನ ದೂಡಬಹುದು, ಪಂಪಿನ ಖರ್ಚು ತಪ್ಪುವುದಿಲ್ಲ.

ಪಂಪಿನ ಮೋಟಾರಿಗೆ ವೈಂಡಿಂಗ್ (ಹೊಸ ತಂತಿ ಸುತ್ತುವುದು) ಆದಮೇಲೆ ಟೇಬಲ್ ಅಲುಗದಿದ್ದರೆ ತಕ್ಷಣ ನಿಲ್ಲಿಸಿ, ತಿರುಗುವ ದಿಕ್ಕು ನೋಡಿ. ಉಲ್ಟಾ ಇದ್ದರೆ ಮೇನ್ ಆಫ್ ಮಾಡಿ ಎರಡು ಫೇಸ್ ಅದಲುಬದಲು ಮಾಡಿಸಿ.