ಮುಂದಿನ ಬಾಂಡ್ ಕುರಿತ ಚರ್ಚೆ: ಸದಸ್ಯರಿಗೆ ಸೂಚನೆ
ಕಲಬುರಗಿಯ ನಮ್ಮ ಸಿನಿಮಾ ಗುಂಪಿನ ಮಾನ್ಯ ಸದಸ್ಯರೇ,

ಜೇಮ್ಸ್ ಬಾಂಡ್ ಪಾತ್ರಕ್ಕೆ ಇಂಥ ನಟನೇ ಆಯ್ಕೆಯಾಗಿದ್ದಾನೆಂದು ಸಾರುವ ಪೋಸ್ಟರ್‌ಗಳು ಗುಂಪಿಗೆ ಮೇಲಿಂದ ಮೇಲೆ ಬರುತ್ತಿರುವುದರಿಂದ, ನಿರ್ಮಾಣ ಸಂಸ್ಥೆಯೇ ಪ್ರಕಟಿಸದ ಯಾವುದೇ ಸುದ್ದಿಯನ್ನು ಹಾಕುವಾಗ ‘ಊಹೆ’ ಎಂದು ಮೊದಲೇ ಬರೆಯಬೇಕೆಂದು ವಿನಂತಿಸುತ್ತೇವೆ. ಸರಣಿಯ ಸೃಜನಾತ್ಮಕ ಹಿಡಿತ ಅಮೆಜಾನ್ ಎಂಜಿಎಂ ಎಂಬ ಚಿತ್ರ ನಿರ್ಮಾಣ ಸಂಸ್ಥೆಗೆ ಹೋಗುವುದೆಂದು 2025ರ ಫೆಬ್ರುವರಿಯಲ್ಲಿ ಪ್ರಕಟವಾಯಿತು. ಆ ಬಳಿಕ ನಿರ್ದೇಶಕರಾಗಿ ಡೆನಿ ವಿಲ್ನೇವ್, ಚಿತ್ರಕಥೆಗೆ ಸ್ಟೀವನ್ ನೈಟ್ ಅವರ ಹೆಸರುಗಳು ಹೊರಬಿದ್ದವು.

ಊಹೆಗೆ ನಮ್ಮ ವಿರೋಧವಿಲ್ಲ. 2021ರ ‘ನೋ ಟೈಮ್ ಟು ಡೈ’ ಚಿತ್ರದ ಕೊನೆಗೆ ನಾಯಕನೇ ಸತ್ತಿರುವಾಗ (ಇನ್ನೂ ನೋಡದವರು ಕ್ಷಮಿಸಬೇಕು) ಕಥೆ ಮುಂದುವರಿಯುವುದು ಹೇಗೆ ಎಂಬುದು ನಟನ ಹೆಸರಿಗಿಂತ ಎಷ್ಟೋ ಸ್ವಾರಸ್ಯದ ಪ್ರಶ್ನೆ. 2006ರ ‘ಕ್ಯಾಸಿನೊ ರಾಯಲ್’ನಲ್ಲಿ ಕಥೆ ಮೊದಲಿನಿಂದ ಶುರುವಾಗಿ, ಬಾಂಡ್ ಕೊಲ್ಲುವ ಪರವಾನಗಿಯನ್ನು ಆಗಷ್ಟೇ ಪಡೆದ ಗೂಢಚಾರನಾದರೂ, ಅವನ ಮೇಲಧಿಕಾರಿ ‘ಎಂ’ ಆಗಿ ಹಿಂದಿನ ಚಿತ್ರಗಳ ಜೂಡಿ ಡೆಂಚ್ ಅವರೇ ಮುಂದುವರಿದರು. ಪ್ರೇಕ್ಷಕರು ಅದಕ್ಕೆ ವಿವರಣೆ ಕೇಳಲಿಲ್ಲ. ಈ ಸಲವೂ ಹಾಗೆಯೇ ಮೊದಲಿನಿಂದ ಶುರುಮಾಡುವರೆಂಬುದು ನಮ್ಮ ಎಣಿಕೆ. ಮೂಲ ಕಾದಂಬರಿಗಳ 1950ರ ದಶಕಕ್ಕೇ ಕಥೆಯನ್ನು ಒಯ್ಯಬೇಕೆಂಬ ಕೆಲವರ ಆಸೆ ಚೆಂದವಾದರೂ ನಡೆಯುವುದು ಅನುಮಾನ.

ವಿಳಂಬವಾಯಿತೆಂದು ಸರಣಿಯೇ ಮುಗಿಯಿತೆನ್ನುವವರು, ಕಾನೂನು ತಕರಾರಿನ ಕಾರಣ 1989ರಿಂದ 1995ರವರೆಗೆ ಒಂದೂ ಬಾಂಡ್ ಚಿತ್ರ ಬರಲಿಲ್ಲವೆಂಬುದನ್ನು ಗಮನಿಸಬೇಕು.

ಭಾನುವಾರ ಸಂಜೆ ಪಬ್ಲಿಕ್ ಗಾರ್ಡನ್‌ನಲ್ಲಿ ಸೇರಿದಾಗ ಇದನ್ನೇ ಚರ್ಚಿಸೋಣ. ಅಲ್ಲಿಯವರೆಗೆ ಪೋಸ್ಟರ್‌ಗಳನ್ನು ದಯವಿಟ್ಟು ನಿಲ್ಲಿಸಿರಿ.