ವಿಮಾನದ ದೂರ ಬೇರೆ, ಮನೆಯಿಂದ ಮನೆಗೆ ಹಿಡಿಯುವ ಹೊತ್ತು ಬೇರೆ

ಮಾನ್ಯರೇ,

ಕಲಬುರಗಿಯಲ್ಲಿ 2019ರ ನವೆಂಬರ್‌ನಲ್ಲಿ, ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರುವರಿಯಲ್ಲಿ ವಿಮಾನ ನಿಲ್ದಾಣಗಳು ಉದ್ಘಾಟನೆಯಾದವು. ಇವೆರಡರ ನಡುವೆ ‘ಒಂದೇ ಗಂಟೆಯ ದಾರಿ’ ಎಂಬ ಮಾತು ನಮ್ಮ ಕಡೆ ಓಡಾಡುತ್ತಿದೆ. ಶಿವಮೊಗ್ಗಕ್ಕೆ ಹೋಗಿ ವಿಮಾನ ಹತ್ತಬೇಕಾದ ದಾವಣಗೆರೆಯವರು ಟಿಕೆಟ್ ತೆಗೆಯುವ ಮೊದಲು ಈ ಲೆಕ್ಕವನ್ನು ಬಿಡಿಸಿ ನೋಡಬೇಕು.

ದೂರವನ್ನು ಒಬ್ಬರು 220 ಎನ್ನುತ್ತಾರೆ, ಇನ್ನೊಬ್ಬರು 410. ಎರಡೂ ಸರಿ. 410 ಎಂಬುದು ಕಿ.ಮೀ.; 220 ಎಂಬುದು ವಿಮಾನ, ಹಡಗುಗಳವರು ಬಳಸುವ ನಾಟಿಕಲ್ ಮೈಲಿ, ಒಂದಕ್ಕೆ 1.852 ಕಿ.ಮೀ. ಇದನ್ನು ಸಾಮಾನ್ಯ ಮೈಲಿಯೆಂದುಕೊಂಡು 1.6ರಿಂದ ಗುಣಿಸಿದರೆ 350ರ ಆಸುಪಾಸಿಗೆ ಬಂದು ನಿಲ್ಲುತ್ತದೆ, ಸುಮಾರು 55 ಕಿ.ಮೀ. ಮಾಯವಾಗುತ್ತದೆ. ಪತ್ರಿಕೆಗಳು ಅಂಕಿಯ ಪಕ್ಕ ಅಳತೆಯನ್ನೂ ಬರೆಯಲಿ.

ಇನ್ನು ಹೊತ್ತು. ಇಂಥ ಹತ್ತಿರದ ಊರುಗಳಿಗೆ ಹಾರುವ ಎಟಿಆರ್ 72 ಎಂಬ ಚಿಕ್ಕ ಪ್ರೊಪೆಲ್ಲರ್ ವಿಮಾನ ಗಂಟೆಗೆ ಸುಮಾರು 500 ಕಿ.ಮೀ. ಹೋಗುತ್ತದೆ, ಆದರೆ ಅದು ಮೇಲೇರಿ ನೆಟ್ಟಗಾದ ಮೇಲಿನ ವೇಗ. ಏರುವಾಗ, ಇಳಿಯುವಾಗ, ರನ್‌ವೇಗೆ ಸುತ್ತಿ ಬರುವಾಗ ಅಷ್ಟಿರುವುದಿಲ್ಲ. ಟಿಕೆಟ್‌ನಲ್ಲಿ ಬರೆದಿರುವುದು ಚಕ್ರ ನೆಲ ಬಿಡುವ ಸಮಯವೂ ಅಲ್ಲ. ವಿಮಾನ ನಿಂತ ಜಾಗದಿಂದ ಕದಲುವ ಸಮಯ. ಹಾಗಾಗಿ 410 ಕಿ.ಮೀ.ಗೆ ಒಂದು ಗಂಟೆ ಹತ್ತು ನಿಮಿಷವಾದರೂ ಹಿಡಿಯಬೇಕು. ಜೂನ್ ನಂತರ ಮಲೆನಾಡಿನ ಮೋಡ ಕೆಳಗಿಳಿದರೆ ಮೇಲೆಯೇ ಸುತ್ತುವುದು, ಬೇರೆ ಊರಿಗೆ ತಿರುಗುವುದು ಇದಕ್ಕೆ ಸೇರಿಲ್ಲ.

ನಕ್ಷೆಯ ಮೇಲೆ ಸೋಗಾನೆಯಿಂದ ಕಲಬುರಗಿಗೆ ಸ್ಕೇಲ್ ಇಟ್ಟು ಗೆರೆ ಎಳೆಯಿರಿ. ಅದು ಹರಿಹರಕ್ಕೂ ದಾವಣಗೆರೆಗೂ ನಡುವೆ ಹಾದು, ಕೊಪ್ಪಳದ ಮಗ್ಗುಲಿಗೆ ತಾಗಿ, ಮುದಗಲ್ ಬಳಿಯಿಂದ ಹೋಗುತ್ತದೆ. ಅಂದರೆ ಉತ್ತರಕ್ಕೆ ಹೋಗಬೇಕಾದ ನಾವು ಮೊದಲು ದಕ್ಷಿಣಕ್ಕೆ ಎರಡು ಗಂಟೆ ರಸ್ತೆಯಲ್ಲಿ ಹೋಗಿ, ವಿಮಾನ ಹತ್ತಿ, ಮತ್ತೆ ನಮ್ಮೂರಿನ ಪಕ್ಕದಲ್ಲೇ ಹಾರಿಹೋಗಬೇಕು! ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುವುದರಿಂದ ನಿಲ್ದಾಣದಲ್ಲಿ ಒಂದೂವರೆ ಗಂಟೆ ಕೈಯಲ್ಲಿರಬೇಕು. ಇಳಿದ ಮೇಲೆ ಬ್ಯಾಗ್ ಪಡೆದು ಊರೊಳಗೆ ಸೇರಲು ಮುಕ್ಕಾಲು ಗಂಟೆ. ನೇರ ವಿಮಾನವೇ ಸಿಕ್ಕಿತೆಂದರೂ ಒಟ್ಟು ಐದೂವರೆ ಗಂಟೆ.

ನೇರ ವಿಮಾನವಿಲ್ಲದೆ ಬೆಂಗಳೂರಿನಲ್ಲಿ ಬದಲಿಸಬೇಕಾದರೆ ಹಾರುವ ದೂರವೇ 240 ಮತ್ತು 460 ಸೇರಿ 700 ಕಿ.ಮೀ. ಅಲ್ಲಿ ಎರಡು ಗಂಟೆ ಕಾದರೂ ಒಟ್ಟು ಎಂಟೂವರೆ ಗಂಟೆ ದಾಟುತ್ತದೆ. ಹರಪನಹಳ್ಳಿ, ಹೊಸಪೇಟೆ, ಲಿಂಗಸುಗೂರು ಮಾರ್ಗವಾಗಿ ಕಾರಿನಲ್ಲಿ ಹೊರಟರೆ ಸುಮಾರು 400 ಕಿ.ಮೀ.; ಊಟಕ್ಕೆ ನಿಂತರೂ ಎಂಟು ಗಂಟೆಯೊಳಗೆ ಮುಟ್ಟಬಹುದು. ಇಬ್ಬರು ಮೂವರು ಸೇರಿ ಹೋಗುವವರಿಗೆ ಖರ್ಚಿನಲ್ಲೂ ಇದೇ ಮೇಲು.

2016ರಲ್ಲಿ ಸಣ್ಣ ಊರುಗಳಿಗೂ ಅಗ್ಗದ ವಿಮಾನ ಒದಗಿಸಲು ಕೇಂದ್ರ ಸರ್ಕಾರದ ಉಡಾನ್ ಯೋಜನೆ ಬಂದಾಗ ಸುಮಾರು 500 ಕಿ.ಮೀ., ಒಂದು ಗಂಟೆಯ ಹಾರಾಟಕ್ಕೆ 2,500 ರೂ. ಎಂದು ಹೇಳಲಾಗಿತ್ತು. ‘ಒಂದು ಗಂಟೆ’ ಜನರ ಬಾಯಲ್ಲಿ ಉಳಿದದ್ದು ಅಲ್ಲಿಂದಲೇ ಇರಬೇಕು. ಅದು ಹಾರಾಟದ ಹೊತ್ತು, ಪ್ರಯಾಣದ್ದಲ್ಲ.

ಹೊಸ ಮಾರ್ಗದ ಸುದ್ದಿ ಹಾಕುವಾಗ ವೇಳಾಪಟ್ಟಿಯ ಜೊತೆಗೆ ವಾರದ ಯಾವ ಯಾವ ದಿನ ವಿಮಾನವಿದೆ, ವಾಪಸು ಯಾವಾಗ, ದಾವಣಗೆರೆ ಬಸ್ ನಿಲ್ದಾಣದಿಂದ ಎಷ್ಟು ಹೊತ್ತಿಗೆ ಹೊರಡಬೇಕು ಎಂಬುದನ್ನೂ ದಯವಿಟ್ಟು ಮುದ್ರಿಸಿ. ಬೆಳಗಿನ 7ರ ವಿಮಾನಕ್ಕೆ ಇಲ್ಲಿಂದ ಮೂರೂವರೆಗೇ ಬಿಡಬೇಕಾಗುತ್ತದೆ.

– ಓದುಗ, ದಾವಣಗೆರೆ